ಊರು ಬಿಟ್ಟವನು ಕಟ್ಟಿದ ಅಡುಗೆಮನೆ

ಇಟಲಿಗೆ ಹೋಗಿ ಬಂದವರು ರೋಮಿನ ಪಾಳುಗೋಡೆಗಳನ್ನೂ ಫ್ಲಾರೆನ್ಸಿನ ಚಿತ್ರಶಾಲೆಗಳನ್ನೂ ವೆನಿಸ್ಸಿನ ನೀರುಬೀದಿಗಳನ್ನೂ ವರ್ಣಿಸುತ್ತಾರೆ. ಆದರೆ ಅವರ ಮಾತಿಗೆ ನಿಜವಾಗಿ ಜೀವ ಬರುವುದು ಅಲ್ಲಿ ಉಂಡದ್ದನ್ನು ನೆನೆದಾಗ. ನಮ್ಮ ಮಹಾನಗರಗಳಲ್ಲಿಯೂ ಈಗ 'ಇಟಾಲಿಯನ್' ಎಂಬ ಫಲಕ ಹೊತ್ತ ಹೋಟೆಲುಗಳಿಗೆ ಕೊರತೆಯಿಲ್ಲ. ವಿಚಿತ್ರವೆಂದರೆ, ಆ ದೇಶದೊಳಕ್ಕೆ ಕಾಲಿಟ್ಟೊಡನೆ ಈ ಪದವೇ ಕರಗಿಹೋಗುತ್ತದೆ. ಮಿಲಾನಿನಲ್ಲಿ ಕೇಸರಿ ಹಾಕಿದ ಅನ್ನ, ಜೆನೋವಾದಲ್ಲಿ ತುಳಸಿಯ ಜಾತಿಯ ಸೊಪ್ಪನ್ನು ಅರೆದು ಮಾಡಿದ ಪೆಸ್ತೊ, ಬೊಲೊನ್ಯದಲ್ಲಿ ಮೊಟ್ಟೆ ಬೆರೆಸಿ ಲಟ್ಟಿಸಿದ ಹಿಟ್ಟಿನ ಪಟ್ಟಿಗಳು, ನೇಪಲ್ಸಿನಲ್ಲಿ ಒಣ ಶಾವಿಗೆಯಂಥ ಪಾಸ್ತಾ ಮತ್ತು ಟೊಮ್ಯಾಟೊ. ಒಂದೂರಿನವರು ತಮ್ಮ ಅಡುಗೆಯನ್ನು ತಮ್ಮ ಊರಿನ ಹೆಸರಿನಿಂದಲೇ ಕರೆಯುತ್ತಾರೆ, ಪಕ್ಕದ ಊರಿನದನ್ನು ಸ್ವಲ್ಪ ಅನುಮಾನದಿಂದಲೇ ನೋಡುತ್ತಾರೆ. ಹಾಗಾದರೆ ನಾವು ಇಷ್ಟು ಸಲೀಸಾಗಿ ಹೇಳುವ 'ಇಟಾಲಿಯನ್ ಊಟ' ಎಂಬುದು ಎಲ್ಲಿಂದ ಬಂತು? ಯಾರು ಅದನ್ನು ಒಟ್ಟುಗೂಡಿಸಿದರು?

ಈ ಪ್ರಶ್ನೆಗೆ ಅನೇಕ ಉತ್ತರಗಳಿವೆ. ಅವುಗಳಲ್ಲಿ ಒಂದು ಒಬ್ಬ ನಿವೃತ್ತ ರೇಷ್ಮೆ ವ್ಯಾಪಾರಿಯ ಹತ್ತಿರ, ಆತ ತನ್ನ ಎಪ್ಪತ್ತೊಂದನೆಯ ವರ್ಷದಲ್ಲಿ ಕೈಯಿಂದ ಹಣ ಹಾಕಿ ಅಚ್ಚು ಹಾಕಿಸಿದ ಒಂದು ಪುಸ್ತಕದ ಹತ್ತಿರ ನಮ್ಮನ್ನು ಕರೆದೊಯ್ಯುತ್ತದೆ. ಆ ವ್ಯಕ್ತಿ ಪೆಲ್ಲೆಗ್ರೀನೊ ಆರ್ತೂಸಿ. ಆತನೂ ಹುಟ್ಟಿದೂರನ್ನು ಬಿಟ್ಟು ಬೇರೆ ಮಾತಿನ ಊರಿನಲ್ಲಿ ಬದುಕಿದವನು ಎಂಬುದರಿಂದ ಹೊರನಾಡಿನ ಕನ್ನಡಿಗರಾದ ನಮಗೆ ಆತನ ಕಥೆ ತುಸು ಹೆಚ್ಚೇ ಹತ್ತಿರದ್ದೆನಿಸುತ್ತದೆ.

ಮೊದಲು ಕಾಲದೇಶಗಳ ಮಾತು. ಇಟಲಿ ಎಂಬ ರಾಜ್ಯ ಘೋಷಿತವಾದದ್ದು 1861ರ ಮಾರ್ಚ್ 17ರಂದು. ವೆನಿಸ್ ಅದಕ್ಕೆ ಸೇರಿದ್ದು 1866ರಲ್ಲಿ, ರೋಮ್ 1870ರಲ್ಲಿ. ಅದಕ್ಕೂ ಹಿಂದೆ ಆ ಪರ್ಯಾಯದ್ವೀಪದಲ್ಲಿ ರಾಜರು, ಡ್ಯೂಕರು, ಪೋಪರು ಆಳುತ್ತಿದ್ದ ಹಲವು ರಾಜ್ಯಗಳಿದ್ದವು, ಅವುಗಳ ನಡುವೆ ಸುಂಕದ ಕಟ್ಟೆಗಳಿದ್ದವು, ಬೇರೆ ಬೇರೆ ನಾಣ್ಯಗಳೂ ಅಳತೆಗಳೂ ಇದ್ದವು. ಭಾಷೆಯ ಸ್ಥಿತಿ ಇನ್ನೂ ಸೋಜಿಗದ್ದು. ಭಾಷಾಶಾಸ್ತ್ರಜ್ಞ ತುಲ್ಲಿಯೊ ದೆ ಮಾವ್ರೊ 1963ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಏಕೀಕರಣದ ವೇಳೆಗೆ ಇಟಾಲಿಯನ್ ಭಾಷೆಯನ್ನು ಬಳಸಬಲ್ಲವರು ನೂರಕ್ಕೆ 2.5 ಮಂದಿ ಮಾತ್ರ. ಆಮೇಲಿನ ವಿದ್ವಾಂಸರು ಉದಾರವಾಗಿ ಲೆಕ್ಕ ಹಾಕಿ ಅದನ್ನು ನೂರಕ್ಕೆ 10ರ ಹತ್ತಿರಕ್ಕೆ ಏರಿಸಿದರು. ಉಳಿದವರೆಲ್ಲರೂ ತಮ್ಮ ತಮ್ಮ ಸೀಮೆಯ ಮಾತನ್ನಾಡುತ್ತಿದ್ದರು. ವೆನಿಸ್ಸಿನ ಅಂಬಿಗನಿಗೆ ಸಿಸಿಲಿಯ ರೈತನ ಮಾತು ಅರ್ಥವಾಗುವಂತಿರಲಿಲ್ಲ. ಇಟಲಿಯೇನೋ ಆಯಿತು, ಇಟಾಲಿಯನ್ನರು ಆಗುವುದು ಬಾಕಿ ಎಂಬ ಅರ್ಥದ ಮಾತೊಂದು ಅಂದಿನ ರಾಜಕಾರಣಿ, ಕಾದಂಬರಿಕಾರ ಮಾಸ್ಸಿಮೊ ದಾಝೇಲ್ಯೊ ಅವರ ಹೆಸರಿನಲ್ಲಿ ಇಂದಿಗೂ ಚಾಲ್ತಿಯಲ್ಲಿದೆ.

ಅಡುಗೆಯ ಪುಸ್ತಕಗಳು ಆ ನೆಲಕ್ಕೆ ಹೊಸವಲ್ಲ. ಹದಿನೈದನೆಯ ಶತಮಾನದ ಬಾಣಸಿಗ ಮಾರ್ತೀನೊನ ಕೈಬರಹದ ಗ್ರಂಥ, ಅದನ್ನು ಆಧರಿಸಿ ಪ್ಲಾತಿನಾ ಎಂಬ ಪಂಡಿತ ಲ್ಯಾಟಿನ್ನಿನಲ್ಲಿ ಬರೆದ ಪುಸ್ತಕ, ಪೋಪರ ಅಡುಗೆಮನೆಯ ಬಾರ್ತೊಲೊಮೇಯೊ ಸ್ಕಾಪ್ಪಿ 1570ರಲ್ಲಿ ಪ್ರಕಟಿಸಿದ ಬೃಹತ್ ಕೃತಿ ಇವೆಲ್ಲ ಪ್ರಸಿದ್ಧ. ಕನ್ನಡದ ಓದುಗರಿಗೆ ಇದು ಪರಿಚಿತ ಪರಂಪರೆಯೇ. ಎರಡನೆಯ ಚಾವುಂಡರಾಯನ ಹನ್ನೊಂದನೆಯ ಶತಮಾನದ 'ಲೋಕೋಪಕಾರ'ದಲ್ಲಿ ಪಾಕಕ್ಕೆ ಮೀಸಲಾದ ಭಾಗವಿದೆ. ಮೂರನೆಯ ಮಂಗರಸ ಹದಿನಾರನೆಯ ಶತಮಾನದ ಮೊದಲಲ್ಲಿ 'ಸೂಪಶಾಸ್ತ್ರ'ವನ್ನೇ ರಚಿಸಿದ. ಇಂಥ ಗ್ರಂಥಗಳು ಹೆಚ್ಚಾಗಿ ಅರಮನೆಯ, ಶ್ರೀಮಂತರ ಪಾಕಶಾಲೆಯತ್ತ ಮುಖ ಮಾಡಿದಂಥವು. ಸ್ಕಾಪ್ಪಿಯ ಕಾಲವಾದ ಮೇಲೆ ಇಟಲಿಯ ಶ್ರೀಮಂತರ ಊಟದ ಮೇಜನ್ನು ಮೆಲ್ಲಗೆ ಫ್ರೆಂಚರ ಅಡುಗೆ ಆಕ್ರಮಿಸಿತು. ಹತ್ತೊಂಬತ್ತನೆಯ ಶತಮಾನದ ಪಾಕಗ್ರಂಥಗಳಲ್ಲಿ ಫ್ರೆಂಚ್ ಹೆಸರುಗಳದೇ ದರ್ಬಾರು. ಹೊಸ ದೇಶದ ಸಾಧಾರಣ ಅನುಕೂಲಸ್ಥ ಸಂಸಾರದ ಗೃಹಿಣಿ ಓದಿ ಬಳಸಬಹುದಾದ, ಅವಳ ದೇಶದ ಮಾತಿನಲ್ಲೇ ಬರೆದ ಪುಸ್ತಕ ಇರಲೇ ಇಲ್ಲವೆನ್ನಬಹುದು.

ಆರ್ತೂಸಿ ಹುಟ್ಟಿದ್ದು 1820ರ ಆಗಸ್ಟ್ 4ರಂದು, ಫೋರ್ಲಿಂಪೋಪೊಲಿ ಎಂಬ ಪುಟ್ಟ ಪಟ್ಟಣದಲ್ಲಿ. ಅದು ರೊಮಾನ್ಯ ಸೀಮೆಯದು, ಆಗ ಪೋಪರ ಆಳ್ವಿಕೆಗೆ ಸೇರಿತ್ತು. ಕ್ರಿ.ಪೂ. 187ರಲ್ಲಿ ರೋಮಿನ ಕಾನ್ಸುಲ್ ಎಮಿಲಿಯುಸ್ ಲೆಪಿದುಸ್ ರಿಮಿನಿಯಿಂದ ಪಿಯಾಚೆಂಝದವರೆಗೆ ಹಾಕಿಸಿದ ನೇರವಾದ ಹೆದ್ದಾರಿಯ ಮೇಲೆ ಈ ಊರಿದೆ. ಇಂದಿಗೂ ಆ ದಾರಿ ಹಿಡಿದು ಪಶ್ಚಿಮಕ್ಕೆ ಹೊರಟರೆ ಫೋರ್ಲಿ, ಬೊಲೊನ್ಯ, ಮೊದೆನಾ, ಪಾರ್ಮಾ ಒಂದರ ಹಿಂದೊಂದು ಬರುತ್ತವೆ. ಪಾರ್ಮಾ ಸೀಮೆಯ ಗಟ್ಟಿ ಚೀಸು, ಮೊದೆನಾದಲ್ಲಿ ದ್ರಾಕ್ಷಾರಸವನ್ನು ಕಾಯಿಸಿ ಮರದ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಮಾಗಿಸಿದ ಹುಳಿ, ಬೊಲೊನ್ಯದ ತೊರ್ತೆಲ್ಲೀನಿ ಎಲ್ಲವೂ ಈ ಒಂದೇ ದಾರಿಯ ಪ್ರಸಾದ. ಪೆಲ್ಲೆಗ್ರೀನೊನ ತಂದೆ ಇಂಥ ಊರಿನಲ್ಲಿ ದಿನಸಿ ಮತ್ತು ಗಂಧಸಾಮಾನಿನ ಅಂಗಡಿ ಇಟ್ಟಿದ್ದವನು. ಮಗನೂ ವ್ಯಾಪಾರಕ್ಕೇ ಇಳಿದ.

1851ರ ಜನವರಿ 25ರ ರಾತ್ರಿ ಈ ಸಂಸಾರದ ಗತಿಯೇ ಬದಲಾಯಿತು. ಊರಿನ ಕೋಟೆಯೊಳಗಿನ ರಂಗಮಂದಿರದಲ್ಲಿ ನಾಟಕ ನಡೆಯುತ್ತಿತ್ತು, ಊರಿನ ಉಳ್ಳವರೆಲ್ಲರೂ ಅಲ್ಲಿ ಸೇರಿದ್ದರು. ಅಂಬಿಗನ ಮಗನಾದ್ದರಿಂದ 'ಪಸ್ಸತೋರೆ' ಎಂದೇ ಹೆಸರಾದ ದರೋಡೆಕೋರ ಸ್ತೆಫಾನೊ ಪೆಲ್ಲೋನಿ ತನ್ನ ತಂಡದೊಡನೆ ಊರಿಗೆ ನುಗ್ಗಿ ರಂಗಮಂದಿರವನ್ನೇ ವಶಪಡಿಸಿಕೊಂಡ. ಪರದೆ ಮೇಲೆದ್ದಾಗ ಪ್ರೇಕ್ಷಕರಿಗೆ ಕಂಡದ್ದು ನಟರಲ್ಲ, ತಮ್ಮತ್ತ ಬಂದೂಕು ಗುರಿಯಿಟ್ಟು ನಿಂತವರು. ಅಲ್ಲಿಂದಲೇ ಒಬ್ಬೊಬ್ಬ ಶ್ರೀಮಂತನ ಹೆಸರು ಕೂಗಿ, ಹಣ ತರಿಸಿ, ಮನೆಗಳನ್ನು ದೋಚಿದರು. ಆರ್ತೂಸಿಯವರ ಮನೆಗೂ ನುಗ್ಗಿದರು. ಆ ರಾತ್ರಿಯ ಆಘಾತದಿಂದ ಪೆಲ್ಲೆಗ್ರೀನೊನ ಸೋದರಿ ಗೆರ್ತ್ರೂದೆಗೆ ಬುದ್ಧಿಭ್ರಮಣೆಯಾಯಿತು. ಆಕೆ ಹುಚ್ಚಾಸ್ಪತ್ರೆಯಲ್ಲೇ ತೀರಿಕೊಂಡಳು. ದರೋಡೆಕೋರ ಎರಡೇ ತಿಂಗಳಲ್ಲಿ ಗುಂಡಿಗೆ ಬಲಿಯಾದ. ಆದರೆ ಆ ಊರಿನಲ್ಲಿ ಉಳಿಯುವ ಮನಸ್ಸು ಆರ್ತೂಸಿ ಮನೆತನಕ್ಕೆ ಉಳಿಯಲಿಲ್ಲ. ಬೆಟ್ಟಸಾಲು ದಾಟಿ ಫ್ಲಾರೆನ್ಸಿಗೆ ಹೋದರು. ಅಂದಿನ ಲೆಕ್ಕದಲ್ಲಿ ಅದು ಬೇರೆ ದೇಶ, ಟಸ್ಕನಿಯ ಡ್ಯೂಕನ ರಾಜ್ಯ. ಮಾತು ಬೇರೆ, ಊಟ ಬೇರೆ.

ಫ್ಲಾರೆನ್ಸಿನಲ್ಲಿ ರೇಷ್ಮೆಯ ವ್ಯಾಪಾರ ಕೈಹಿಡಿಯಿತು. ಮದುವೆಯಾಗದ ಆರ್ತೂಸಿ ಐವತ್ತರ ಸುಮಾರಿಗೆ ವ್ಯವಹಾರ ನಿಲ್ಲಿಸಿ, ಓದು ಬರಹದಲ್ಲಿ ತೊಡಗಿದ. ಕವಿ ಊಗೊ ಫೋಸ್ಕೊಲೊನ ಜೀವನಚರಿತ್ರೆಯನ್ನು 1878ರಲ್ಲಿ, ಜುಸೆಪ್ಪೆ ಜೂಸ್ತಿಯ ಪತ್ರಗಳ ಮೇಲಿನ ಟಿಪ್ಪಣಿಗಳನ್ನು 1881ರಲ್ಲಿ ಪ್ರಕಟಿಸಿದ. ಎರಡನ್ನೂ ಯಾರೂ ಕೇಳಲಿಲ್ಲ. ಆತ ವಾಸವಿದ್ದ ಮನೆ ಒಂದು ವಿಶಾಲವಾದ ಹೊಸ ಚೌಕದ ಪಕ್ಕದಲ್ಲಿತ್ತು. ಫ್ಲಾರೆನ್ಸ್ 1865ರಿಂದ 1871ರವರೆಗೆ ಇಟಲಿಯ ರಾಜಧಾನಿಯಾಗಿದ್ದಾಗಿನ ನಗರ ವಿಸ್ತರಣೆಯ ಫಲ ಅದು. ಚೌಕಕ್ಕೆ ಇಟ್ಟ ಹೆಸರು ಮಾಸ್ಸಿಮೊ ದಾಝೇಲ್ಯೊ ಅವರದು. ಇಟಾಲಿಯನ್ನರು ಆಗುವುದು ಬಾಕಿ ಎಂದು ಕೊರಗಿದವರ ಹೆಸರಿನ ಚೌಕದಲ್ಲಿ, ಆ ಬಾಕಿಯ ಒಂದಂಶ ಒಲೆಯ ಮುಂದೆ ತೀರುತ್ತ ಹೋಯಿತು.

1891ರಲ್ಲಿ ಹೊರಬಂದ ಪುಸ್ತಕಕ್ಕೆ ಆತ ಇಟ್ಟ ಹೆಸರು 'ಲಾ ಶ್ಯೆಂತ್ಸಾ ಇನ್ ಕುಚೀನಾ ಎ ಲಾರ್ತೆ ದಿ ಮಂಜಾರ್ ಬೇನೆ', ಎಂದರೆ 'ಅಡುಗೆಮನೆಯಲ್ಲಿ ವಿಜ್ಞಾನ ಮತ್ತು ಚೆನ್ನಾಗಿ ಉಣ್ಣುವ ಕಲೆ'. ಪ್ರಕಾಶಕರು ಒಪ್ಪಲಿಲ್ಲವಾಗಿ ಸ್ವಂತ ಖರ್ಚಿನಲ್ಲಿ 1000 ಪ್ರತಿಗಳನ್ನು ಮುದ್ರಿಸಿದ. ಹುಟ್ಟೂರಿನ ಒಂದು ಧರ್ಮಾರ್ಥ ಜಾತ್ರೆಗೆ ಎರಡು ಪ್ರತಿಗಳನ್ನು ಕಾಣಿಕೆಯಾಗಿ ಕಳಿಸಿದಾಗ, ಬಹುಮಾನದಲ್ಲಿ ಅವನ್ನು ಗೆದ್ದವರು ನಕ್ಕು, ಹೊಗೆಸೊಪ್ಪಿನ ಅಂಗಡಿಗೆ ಮಾರಿಬಂದರಂತೆ. ಇದನ್ನು ಆರ್ತೂಸಿ ಮುಂದಿನ ಮುದ್ರಣಗಳ ಮುನ್ನುಡಿಯಲ್ಲಿ ತಾನೇ ಬರೆದು, ತನ್ನ ಪುಸ್ತಕದ ಹಣೆಬರಹವನ್ನು ಸಿಂಡರೆಲ್ಲಾಳ ಕಥೆಗೆ ಹೋಲಿಸಿಕೊಂಡಿದ್ದಾನೆ. ಕೈಹಿಡಿದವರೂ ಇದ್ದರು. ಕವಿ ಓಲಿಂದೊ ಗುವೆರ್ರೀನಿ ಮೆಚ್ಚಿ ಪತ್ರ ಬರೆದ. ಮಾನವಶಾಸ್ತ್ರಜ್ಞ ಪಾವೊಲೊ ಮಾಂತೆಗಾಝಾ ಬೆನ್ನು ತಟ್ಟಿದ. ಈ ಮಾಂತೆಗಾಝಾ ನಮ್ಮ ಕಡೆಗೂ ಬಂದುಹೋದವನು: 1881-82ರಲ್ಲಿ ಭಾರತವನ್ನು ಸುತ್ತಿ, ಮೈಸೂರು ಸೀಮೆಗೆ ತಾಗಿದ ನೀಲಗಿರಿಯಲ್ಲಿ ತೋಡರನ್ನು ಕಂಡು, ಆ ಪ್ರವಾಸವನ್ನು ಕುರಿತು ಗ್ರಂಥ ಬರೆದ.

ಪುಸ್ತಕ ಗೆದ್ದ ಬಗೆಯಲ್ಲಿಯೇ ಅದರ ಚಾರಿತ್ರಿಕ ಮಹತ್ತ್ವವಿದೆ. ಆರ್ತೂಸಿ ಪ್ರತಿಗಳನ್ನು ಮನೆಯಿಂದಲೇ ಅಂಚೆಯ ಮೂಲಕ ಮಾರುತ್ತಿದ್ದ. ಆದ್ದರಿಂದ ಓದುಗರಿಗೆ ಆತನ ವಿಳಾಸ ಗೊತ್ತಿತ್ತು. ಅವರು ಬರೆದರು. ನಿಮ್ಮ ಪಾಕದಲ್ಲಿ ಬೆಣ್ಣೆ ಹೆಚ್ಚಾಯಿತು, ನಮ್ಮೂರಿನಲ್ಲಿ ಇದನ್ನು ಹೀಗೆ ಮಾಡುತ್ತಾರೆ, ನಮ್ಮಜ್ಜಿಯ ಈ ತಿನಿಸು ನಿಮ್ಮಲ್ಲಿ ಇಲ್ಲವಲ್ಲ ಎಂದು ನಾನಾ ಊರುಗಳ ಗೃಹಿಣಿಯರು, ಗೃಹಸ್ಥರು ನೂರಾರು ಪತ್ರಗಳನ್ನು ಕಳಿಸಿದರು. ಬಂದ ಪಾಕಗಳನ್ನು ಆತನ ಮನೆಯ ಇಬ್ಬರು, ಟಸ್ಕನಿಯ ಮರಿಯೆತ್ತಾ ಸಬಾತೀನಿ ಮತ್ತು ಹುಟ್ಟೂರಿನವನೇ ಆದ ಬಾಣಸಿಗ ಫ್ರಾಂಚೆಸ್ಕೊ ರುಫಿಲ್ಲಿ, ಒಲೆಯ ಮೇಲಿಟ್ಟು ಪರೀಕ್ಷಿಸುತ್ತಿದ್ದರು. ನಿಂತದ್ದು ಪುಸ್ತಕಕ್ಕೆ ಸೇರಿತು. ಮೊದಲ ಮುದ್ರಣದಲ್ಲಿ 475 ಪಾಕಗಳಿದ್ದವು. ಆತ ಕಣ್ಣಾರೆ ನೋಡಿದ ಕೊನೆಯ ಮುದ್ರಣಗಳ ವೇಳೆಗೆ ಅವು 790 ಆಗಿದ್ದವು. ಇಪ್ಪತ್ತು ವರ್ಷ ಒಬ್ಬ ಲೇಖಕ ಮತ್ತು ಆತನ ಓದುಗರು ಕೂಡಿ ಬರೆದ ಪುಸ್ತಕ ಅದು. ಮರಿಯೆತ್ತಾಳ ಹೆಸರಿನ ಸಿಹಿರೊಟ್ಟಿಯ ಪಾಕವೂ ಅದರಲ್ಲಿದೆ: ಅಷ್ಟು ಒಳ್ಳೆಯ ಹೆಂಗಸಿನ ಹೆಸರು ಒಂದು ತಿನಿಸಿಗಾದರೂ ಇರಬೇಕೆಂಬುದು ಆತ ಕೊಟ್ಟ ಕಾರಣ.

ಭಾಷೆಯ ವಿಷಯದಲ್ಲಿ ಆರ್ತೂಸಿ ಹಟವಾದಿ. ವಲಸೆ ಬಂದವನು ಸ್ಥಳದ ಮಾತನ್ನು ಕಲಿಯುವಾಗ ತೋರುವ ಎಚ್ಚರ ಆತನ ಬರಹದ ತುಂಬ ಕಾಣುತ್ತದೆ. ಅನಗತ್ಯ ಫ್ರೆಂಚ್ ಪದಗಳನ್ನು ಕೈಬಿಟ್ಟು ಫ್ಲಾರೆನ್ಸಿನ ಆಡುಮಾತಿನ ಪದಗಳನ್ನು ಹಿಡಿದ. ಆದರೆ ಆ ಪದಗಳು ಬೇರೆ ಸೀಮೆಯವರಿಗೆ ತಿಳಿಯಲಾರವೆಂಬುದು ಹೊರಗಿನಿಂದ ಬಂದ ಆತನಿಗೆ ಚೆನ್ನಾಗಿ ಗೊತ್ತು. ಅದಕ್ಕೆಂದು ಪುಸ್ತಕದ ಮೊದಲಲ್ಲೇ ಒಂದು ಸಣ್ಣ ಪದಕೋಶ ಕೊಟ್ಟ: ಟಸ್ಕನಿಯವರು ಹೀಗೆನ್ನುವ ಸೊಪ್ಪನ್ನು ಬೇರೆಡೆ ಹಾಗೆನ್ನುತ್ತಾರೆ ಎಂಬಂಥ ವಿವರಣೆಗಳು. ಅದಕ್ಕೂ ಅರ್ಧ ಶತಮಾನ ಹಿಂದೆ ಮಿಲಾನಿನ ಕಾದಂಬರಿಕಾರ ಅಲೆಸ್ಸಾಂದ್ರೊ ಮಾಂಝೊನಿ ತನ್ನ ಮಹಾಕಾದಂಬರಿಯನ್ನು ಫ್ಲಾರೆನ್ಸಿನ ಭಾಷೆಗೆ ಹೊಂದುವಂತೆ ತಿದ್ದಿ 1840-42ರಲ್ಲಿ ಮತ್ತೆ ಪ್ರಕಟಿಸಿದ್ದ. ಶಾಲೆಗಳು ಅದನ್ನು ಪಠ್ಯವಾಗಿಸಿ ದೇಶಭಾಷೆಯನ್ನು ಕಲಿಸಿದವು. ಆರ್ತೂಸಿಯ ಪುಸ್ತಕವನ್ನು 1970ರಲ್ಲಿ ಸಂಪಾದಿಸಿದ ವಿದ್ವಾಂಸ ಪಿಯೆರೊ ಕಂಪೊರೇಸಿ, ದೇಶವನ್ನು ಒಂದುಗೂಡಿಸುವಲ್ಲಿ ಮಾಂಝೊನಿಯ ಕಾದಂಬರಿಗಿಂತ ಈ ಪಾಕಪುಸ್ತಕವೇ ಹೆಚ್ಚು ಕೆಲಸ ಮಾಡಿತೆಂದು ವಾದಿಸಿದ. ಅತಿಶಯೋಕ್ತಿ ಎನ್ನಿಸಬಹುದು. ಆದರೆ ಕಾದಂಬರಿ ಶಾಲೆಯಲ್ಲಿ ಮುಗಿಯುತ್ತದೆ, ಒಲೆ ದಿನಾ ಎರಡು ಹೊತ್ತು ಉರಿಯುತ್ತದೆ.

ಇದನ್ನು ಬರಿಯ ಪಾಕಸೂಚಿಯೆಂದು ತಿಳಿದು ತೆರೆದವರಿಗೆ ಪ್ರವಾಸಕಥನವೊಂದು ಸಿಗುತ್ತದೆ. ಬೊಲೊನ್ಯದ ಅಡುಗೆಯ ಮಾತು ಬಂದಾಗ ಅದಕ್ಕೆ ತಲೆಬಾಗಬೇಕು ಎನ್ನುತ್ತಾನೆ ಆತ. ಅದೇ ಊರಿನ ಛತ್ರವೊಂದರಲ್ಲಿ 1850ರ ಸುಮಾರಿಗೆ ಕೆಲವು ವಿದ್ಯಾರ್ಥಿಗಳ ಪಂಕ್ತಿಯಲ್ಲಿ ಕುಳಿತಾಗ, ಫೆಲೀಚೆ ಒರ್ಸೀನಿ ಎಂಬ ತರುಣ ಕ್ರಾಂತಿಯ ಬಗ್ಗೆ ಆವೇಶದಿಂದ ಮಾತಾಡುತ್ತಿದ್ದನಂತೆ. ತಾನು ಮಾತ್ರ ತಟ್ಟೆಯ ಮಕರೋನಿಯನ್ನು ಧ್ಯಾನಿಸುತ್ತಿದ್ದೆನೆಂದು ಬರೆಯುತ್ತಾನೆ. 1858ರಲ್ಲಿ ಆ ಒರ್ಸೀನಿ ಮೂರನೆಯ ನೆಪೋಲಿಯನ್ನನ ಮೇಲೆ ಬಾಂಬೆಸೆದು ಪ್ಯಾರಿಸ್ಸಿನಲ್ಲಿ ತಲೆ ಕಳೆದುಕೊಂಡ. ಇನ್ನೊಂದು ಪಾಕದಲ್ಲಿ 1855ರ ಬೇಸಿಗೆ: ಲಿವೊರ್ನೊ ಬಂದರಿನಲ್ಲಿ ತರಕಾರಿ ಸಾರು ಮಿನೆಸ್ತ್ರೋನೆಯನ್ನು ಉಂಡು, ರಾತ್ರಿಯಿಡೀ ಹೊಟ್ಟೆ ಕೆಟ್ಟು, ಆ ಸಾರಿಗೆ ಶಾಪ ಹಾಕುತ್ತ ಮರುದಿನ ರೈಲು ಹಿಡಿದು ಫ್ಲಾರೆನ್ಸಿಗೆ ಓಡಿಬಂದ. ಮರುದಿನವೇ ಸುದ್ದಿ ಬಂತು: ಲಿವೊರ್ನೊದಲ್ಲಿ ಕಾಲರಾ, ಮೊದಲು ಸತ್ತವನು ತಾನು ತಂಗಿದ್ದ ಮನೆಯ ಯಜಮಾನ. ಪಾಪ, ಸಾರಿನ ತಪ್ಪಿರಲಿಲ್ಲ. ಅದರ ಪಾಕವನ್ನು ಪರಿಷ್ಕರಿಸಿ ಪುಸ್ತಕದಲ್ಲಿ ಗೌರವದಿಂದ ಕೂರಿಸಿದ.

ಬದನೆಕಾಯಿಯ ಪಾಕದಲ್ಲಿಯೂ ಇಂಥದೇ ಒಂದು ಸಾಕ್ಷ್ಯ ಸಿಕ್ಕುತ್ತದೆ. ನಲವತ್ತು ವರ್ಷಗಳ ಹಿಂದೆ ಫ್ಲಾರೆನ್ಸಿನ ಪೇಟೆಯಲ್ಲಿ ಬದನೆಯಾಗಲಿ ಸೋಂಪಿನ ಗಡ್ಡೆಯಾಗಲಿ ಕಾಣುವುದೇ ಅಪರೂಪವಾಗಿತ್ತು, ಅವು ಯಹೂದಿಗಳ ಆಹಾರವೆಂದು ಜನ ಕೀಳಾಗಿ ನೋಡುತ್ತಿದ್ದರು ಎಂದು ಬರೆದು, ರುಚಿಯ ವಿಷಯದಲ್ಲಿ ಯಹೂದಿಗಳ ಮೂಗೇ ಹೆಚ್ಚು ಚುರುಕಾಗಿತ್ತೆಂದು ಒಪ್ಪುತ್ತಾನೆ. ಅರಬ್ಬರ ಮೂಲದ ಕುಸ್ಕುಸ್ಸನ್ನೂ ಯಹೂದಿಗಳು ಹೊತ್ತು ತಂದದ್ದೆಂದು ನೆನೆಯುತ್ತಾನೆ. ಈ ಬದನೆಯ ಪ್ರಯಾಣವನ್ನು ಹಿಂದಕ್ಕೆ ಹಿಡಿದರೆ ನಾವು ನಮ್ಮ ನೆಲಕ್ಕೇ ಬಂದು ಮುಟ್ಟುತ್ತೇವೆ. ಸಂಸ್ಕೃತದ 'ವಾತಿಂಗಣ' ಪಾರಸಿಯಲ್ಲಿ 'ಬಾದಿಂಗಾನ್' ಆಗಿ, ಅರಬ್ಬಿಯಲ್ಲಿ 'ಬಾದಿಂಜಾನ್' ಆಗಿ, ಇಟಲಿಯ ಹಳೆಯ ಮಾತಿನಲ್ಲಿ 'ಪೆತೊಂಚಾನೊ' ಎಂದಾಯಿತು. ಆರ್ತೂಸಿ ತನ್ನ ಪುಸ್ತಕದಲ್ಲಿ ಬಳಸಿದ್ದೂ ಈ ರೂಪವನ್ನೇ.

ಇಟಲಿಯ ಗುರುತೇ ಆಗಿಹೋಗಿರುವ ಟೊಮ್ಯಾಟೊ ಅಮೆರಿಕದಿಂದ ಬಂದದ್ದು. 1548ರಲ್ಲಿ ಮೆದಿಚಿ ಡ್ಯೂಕನ ಮನೆಗೆ ಒಂದು ಬುಟ್ಟಿ ಟೊಮ್ಯಾಟೊ ಬಂದ ದಾಖಲೆಯಿದೆ. ಆದರೆ ಅದರ ಗೊಜ್ಜಿನ ಪಾಕ ಅಚ್ಚಾದದ್ದು ಅದಾಗಿ ಸುಮಾರು ಒಂದೂವರೆ ಶತಮಾನದ ಮೇಲೆ, ಅಂತೋನಿಯೊ ಲತೀನಿ ನೇಪಲ್ಸಿನಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಅದೂ 'ಸ್ಪೇನಿನ ರೀತಿಯದು' ಎಂಬ ಹೆಸರಿನಲ್ಲಿ. ಆರ್ತೂಸಿಯ ಕಾಲಕ್ಕೆ ಅದು ಎಲ್ಲದರಲ್ಲೂ ಕೈಹಾಕುತ್ತಿತ್ತು. ರೊಮಾನ್ಯದ ಒಂದೂರಿನಲ್ಲಿ ಎಲ್ಲರ ಮನೆಯ ವಿಚಾರಕ್ಕೂ ಮೂಗು ತೂರಿಸುವ ಪಾದ್ರಿಯೊಬ್ಬನಿಗೆ ಜನ 'ಟೊಮ್ಯಾಟೊ ಸ್ವಾಮಿ' ಎಂದು ಹೆಸರಿಟ್ಟಿದ್ದರೆಂಬ ಕಥೆಯಿಂದಲೇ ಆತ ಟೊಮ್ಯಾಟೊ ಗೊಜ್ಜಿನ ಪಾಕವನ್ನು ಆರಂಭಿಸುತ್ತಾನೆ. ಇಂದಿನ ಪ್ರವಾಸಿಗೆ ದೊಡ್ಡ ಬೆರಗು ಇನ್ನೊಂದಿದೆ. ಪುಸ್ತಕದಲ್ಲಿ 'ನೇಪಲ್ಸಿನ ಪಿಜ್ಜಾ' ಎಂಬ ಪಾಕವಿದೆ, ಆದರೆ ಅದು ರಿಕೊತ್ತಾ ಚೀಸು ಮತ್ತು ಬಾದಾಮಿಯ ಹೂರಣ ತುಂಬಿದ ಸಿಹಿತಿಂಡಿ. ನಾವು ಪಿಜ್ಜಾ ಎನ್ನುವ ವಸ್ತು ಆಗ ನೇಪಲ್ಸಿನ ಬಡವರ ಬೀದಿಯ ತಿನಿಸು. ಫ್ಲಾರೆನ್ಸಿನ ಮಧ್ಯಮವರ್ಗದ ಮೇಜಿಗೆ ಅದಿನ್ನೂ ಬಂದಿರಲಿಲ್ಲ.

ದ್ರಾಕ್ಷಾರಸದ ಕಥೆಯೂ ಇದೇ ಜಾಡಿನದು. ಫ್ಲಾರೆನ್ಸಿನ ದಕ್ಷಿಣದ ಗುಡ್ಡಗಳ ಕಿಯಾಂಟಿ ಮದ್ಯಕ್ಕೆ ಹಳೆಯ ಹೆಸರಿದೆ. ಯಾವ ಗಡಿಯೊಳಗೆ ಬೆಳೆದದ್ದಕ್ಕೆ ಆ ಹೆಸರು ಸಲ್ಲಬೇಕೆಂದು ಡ್ಯೂಕ್ ಮೂರನೆಯ ಕೋಸಿಮೊ 1716ರಲ್ಲೇ ಆಜ್ಞೆ ಹೊರಡಿಸಿದ್ದ. ಆದರೆ ಅದರ ಆಧುನಿಕ ರೂಪಕ್ಕೆ ಕಾರಣನಾದವನು ಹೊಸ ಇಟಲಿಯ ಎರಡನೆಯ ಪ್ರಧಾನಿ ಬೆತ್ತೀನೊ ರಿಕಾಸೊಲಿ. ತನ್ನ ಬ್ರೋಲಿಯೊ ಕೋಟೆಯ ತೋಟಗಳಲ್ಲಿ ವರ್ಷಗಟ್ಟಲೆ ಪ್ರಯೋಗ ಮಾಡಿ, 1872ರಲ್ಲಿ ಪೀಸಾ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರೊಬ್ಬರಿಗೆ ಬರೆದ ಪತ್ರದಲ್ಲಿ ತನ್ನ ತೀರ್ಮಾನ ತಿಳಿಸಿದ: ಪರಿಮಳಕ್ಕೂ ಕಸುವಿಗೂ ಸಾಂಜೊವೇಸೆ ದ್ರಾಕ್ಷಿ, ಅದರ ಒಗರನ್ನು ತಗ್ಗಿಸಲು ಕನಾಯೊಲೊ, ಬೇಗನೆ ಕುಡಿಯುವಂಥದ್ದಕ್ಕೆ ಮಾತ್ರ ತುಸು ಬಿಳಿ ಮಾಲ್ವಾಸಿಯಾ. ಬೆಟ್ಟದಾಚೆಯ ರೊಮಾನ್ಯದಲ್ಲಿಯೂ ಬೆಳೆಯುವುದು ಸಾಂಜೊವೇಸೆಯೇ. ಒಂದೇ ದ್ರಾಕ್ಷಿ, ಎರಡು ಮಣ್ಣು, ಎರಡು ಹೆಸರು. ಎರಡೂ ಕಡೆಯವರು ತಮ್ಮದೇ ಮೇಲೆಂದು ವಾದಿಸುವುದು ಇಂದಿಗೂ ನಿಂತಿಲ್ಲ.

ದಕ್ಷಿಣದ ತುದಿಯಿಂದ ಬಂದ ಮದ್ಯವೊಂದು ಆರ್ತೂಸಿಯ ಅಡುಗೆಮನೆಯಲ್ಲಿ ಕಾಯಂ ಆಗಿ ನೆಲೆಸಿತ್ತು. ಅದು ಸಿಸಿಲಿಯ ಮಾರ್ಸಾಲಾ. ಜಾನ್ ವುಡ್‌ಹೌಸ್ ಎಂಬ ಇಂಗ್ಲಿಷ್ ವರ್ತಕ 1773ರಲ್ಲಿ, ಅಲ್ಲಿನ ಮದ್ಯ ದೂರದ ಹಡಗುಯಾನದಲ್ಲಿ ಕೆಡದಿರಲೆಂದು ಅದಕ್ಕೆ ಬಟ್ಟಿಯಿಳಿಸಿದ ಸಾರ ಸೇರಿಸಿ ಇಂಗ್ಲೆಂಡಿಗೆ ಸಾಗಿಸಿದ. ಅಲ್ಲಿಂದ ಅದರ ಖ್ಯಾತಿ. 1860ರ ಮೇ 11ರಂದು ಗರಿಬಾಲ್ಡಿ ತನ್ನ ಸಾವಿರ ಮಂದಿ ಕೆಂಪಂಗಿಗಳೊಡನೆ ಬಂದಿಳಿದದ್ದು ಇದೇ ಮಾರ್ಸಾಲಾ ಬಂದರಿನಲ್ಲಿ. ದಕ್ಷಿಣ ಇಟಲಿ ಹೊಸ ರಾಜ್ಯಕ್ಕೆ ಸೇರುವ ಹಾದಿ ತೆರೆದದ್ದು ಅಲ್ಲಿ. ಮೊಟ್ಟೆಯ ಹಳದಿ, ಸಕ್ಕರೆಗಳನ್ನು ಸೇರಿಸಿ ಕಡೆಯುವ ಝಬಯೋನೆಗೆ ಆರ್ತೂಸಿ ಸೂಚಿಸುವ ಮದ್ಯಗಳಲ್ಲಿ ಮಾರ್ಸಾಲಾವೂ ಒಂದು.

ದಕ್ಷಿಣದಿಂದ ಮದ್ಯ ಬಂತು. ಊಟ ಅಷ್ಟಾಗಿ ಬರಲಿಲ್ಲ. ಇದು ಪುಸ್ತಕದ ದೊಡ್ಡ ಕೊರತೆ, ಅದನ್ನು ಮುಚ್ಚಿಡುವುದು ಚರಿತ್ರೆಗೆ ಮಾಡುವ ಅನ್ಯಾಯ. ಟಸ್ಕನಿ, ರೊಮಾನ್ಯ, ಬೊಲೊನ್ಯಗಳಿಗೆ ಸಿಕ್ಕ ಸ್ಥಾನದ ಮುಂದೆ ನೇಪಲ್ಸಿನಿಂದ ಕೆಳಗಿನ ನಾಡಿಗೆ ಸಿಕ್ಕದ್ದು ಬೆರಳೆಣಿಕೆಯಷ್ಟು. ಪತ್ರ ಬರೆಯುವವರೇ ಅಡುಗೆಯನ್ನು ಕಟ್ಟಿದರೆನ್ನುವಾಗ, ಬರೆಯಲು ಬಾರದವರ ಅಡುಗೆ ಹೊರಗುಳಿಯಿತೆಂದೂ ಹೇಳಬೇಕು. 1861ರಲ್ಲಿ ದೇಶದ ಮುಕ್ಕಾಲು ಪಾಲಿಗೂ ಹೆಚ್ಚು ಜನ ನಿರಕ್ಷರಿಗಳು. ಉತ್ತರದ ಕೂಲಿರೈತ ಬಹುಪಾಲು ಮೆಕ್ಕೆಜೋಳದ ಗಂಜಿ ಪೊಲೆಂತಾವನ್ನೇ ಉಂಡು ಬದುಕುತ್ತಿದ್ದ, ಅದರಿಂದಲೇ ಪೆಲ್ಲಾಗ್ರ ಎಂಬ ಭೀಕರ ರೋಗಕ್ಕೆ ತುತ್ತಾಗುತ್ತಿದ್ದ. ಚರ್ಮ ಸುಲಿದು, ಬುದ್ಧಿ ಕದಡಿ, ಹುಚ್ಚಾಸ್ಪತ್ರೆ ಸೇರುವ ರೋಗ ಅದು. ಆಹಾರದಲ್ಲಿ ನಯಾಸಿನ್ ಎಂಬ ಜೀವಸತ್ತ್ವ ಸಾಲದಿರುವುದು ಅದರ ಕಾರಣವೆಂದು ತಿಳಿದದ್ದು ಎಷ್ಟೋ ಕಾಲದ ಮೇಲೆ. ಜೋಳವನ್ನೇ ನಂಬಿದ ನಮ್ಮ ದಖ್ಖನ್ನಿನ ಬಡವರಲ್ಲಿಯೂ ಈ ರೋಗವಿರುವುದನ್ನು ಇಪ್ಪತ್ತನೆಯ ಶತಮಾನದಲ್ಲಿ ಹೈದರಾಬಾದಿನ ಪೋಷಣ ವಿಜ್ಞಾನಿಗಳು ಗುರುತಿಸಿದರು. ಆರ್ತೂಸಿಯ 790 ಪಾಕಗಳನ್ನು ಸವಿಯುವಾಗ, ಅದೇ ದೇಶದಲ್ಲಿ ಒಂದೇ ಪಾಕ ಉಂಡು ಸತ್ತವರನ್ನೂ ನೆನೆಯುವುದು ನ್ಯಾಯ.

ಆ ಬಡವರು ಹಡಗು ಹತ್ತಿದರು. 1876ರಿಂದ ಮೊದಲ ಮಹಾಯುದ್ಧದವರೆಗೆ ಇಟಲಿಯನ್ನು ಬಿಟ್ಟು ಹೊರಟವರು ಸುಮಾರು 1 ಕೋಟಿ 40 ಲಕ್ಷ. ನ್ಯೂಯಾರ್ಕಿಗೂ ಬ್ಯೂನಸ್ ಐರಿಸ್ಸಿಗೂ ಹೋಗಿ ಇಳಿದಾಗ ಅವರು ಇಟಾಲಿಯನ್ನರಾಗಿರಲಿಲ್ಲ; ಇಂಥ ಹಳ್ಳಿಯವರು, ಇಂಥ ಸೀಮೆಯವರು ಆಗಿದ್ದರು. ಪರದೇಶ ಅವರೆಲ್ಲರನ್ನೂ ಒಂದೇ ಹೆಸರಿನಿಂದ ಕರೆಯಿತು. ಪಕ್ಕದ ಮನೆಯ ಸಿಸಿಲಿಯವಳ ಅಡುಗೆಯನ್ನು ನೇಪಲ್ಸಿನವಳು ಮೊದಲು ನೋಡಿದ್ದು ಅಲ್ಲಿ. ಊರಿನಲ್ಲಿ ಹಬ್ಬಕ್ಕೆ ಮಾತ್ರ ಕಾಣುತ್ತಿದ್ದ ಮಾಂಸವೂ ಬಿಳಿ ಹಿಟ್ಟೂ ಅಲ್ಲಿ ವಾರವಾರವೂ ದೊರೆತವು. ಜಗತ್ತು ಇಂದು ಮೆಚ್ಚುವ 'ಇಟಾಲಿಯನ್ ಊಟ' ಹೀಗೆ ಎರಡು ವಲಸೆಗಳ ಕೂಸು. ಒಂದು, ಬೆಟ್ಟ ದಾಟಿ ಫ್ಲಾರೆನ್ಸಿಗೆ ಬಂದ ಒಬ್ಬ ವ್ಯಾಪಾರಿಯದು. ಇನ್ನೊಂದು, ಕಡಲು ದಾಟಿದ ಹೆಸರಿಲ್ಲದ ಲಕ್ಷಾಂತರ ಜನರದು.

ಹೊರನಾಡಿನಲ್ಲಿ ನೆಲೆಸಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಧಾರವಾಡದ ಮನೆಯ ಜೋಳದ ರೊಟ್ಟಿ ಎಣ್ಣೆಗಾಯಿ, ಮಂಗಳೂರಿನ ಮನೆಯ ನೀರುದೋಸೆ, ಮೈಸೂರಿನ ಮನೆಯ ಬಿಸಿಬೇಳೆಭಾತು, ಮಲೆನಾಡಿನ ಮನೆಯ ತಂಬುಳಿ ಒಂದೇ ಪಂಕ್ತಿಯಲ್ಲಿ ಕೂಡುವುದು ಆ ಊರುಗಳಲ್ಲಿ ಅಲ್ಲ, ಮುಂಬೈ, ಪುಣೆ, ದೆಹಲಿಗಳ ಕನ್ನಡ ಸಂಘದ ಊಟದಲ್ಲಿ. ಮಾಟುಂಗಾದ ಊಟದಮನೆಗಳ ಮೂಲಕ 'ಉಡುಪಿ' ಎಂಬ ಒಂದು ಊರಿನ ಹೆಸರು ಹೊರಗಿನವರ ಬಾಯಲ್ಲಿ ಇಡೀ ದಕ್ಷಿಣದ ಅಡುಗೆಯ ಹೆಸರಾಯಿತು. ಕೂಡಿದ್ದರಿಂದ ಲಾಭವಿದೆ, ಕೂಡುವಾಗ ಕಳೆದುಹೋಗುವುದೂ ಇದೆ. ಆರ್ತೂಸಿಯಿಂದ ನಾವು ಕಲಿಯಬೇಕಾದದ್ದೆಂದರೆ ಆತ ಕೂಡಿಸುವಾಗ ಊರಿನ ಹೆಸರನ್ನು ಅಳಿಸಲಿಲ್ಲ. 'ರೊಮಾನ್ಯದ ರೀತಿಯದು', 'ಬೊಲೊನ್ಯದ ರೀತಿಯದು', 'ಲಿವೊರ್ನೊ ರೀತಿಯದು' ಎಂದು ಪ್ರತಿಯೊಂದರ ಹಣೆಯ ಮೇಲೂ ಬರೆದ. ನಮ್ಮ ಮನೆಗಳಲ್ಲಿ ಹಿರಿಯರ ಕೈಯಲ್ಲಷ್ಟೇ ಉಳಿದಿರುವ ಪಾಕಗಳನ್ನು ಊರಿನ, ಮಾಡಿದವರ ಹೆಸರು ಸಹಿತ ಬರೆದಿಡುವ ಕೆಲಸಕ್ಕೆ ಇನ್ನೂ ಹೊತ್ತು ಮೀರಿಲ್ಲ.

ಆರ್ತೂಸಿ 1911ರ ಮಾರ್ಚ್ 30ರಂದು ತೊಂಬತ್ತು ತುಂಬಿದವನಾಗಿ ಫ್ಲಾರೆನ್ಸಿನಲ್ಲಿ ತೀರಿಕೊಂಡ. ಪುಸ್ತಕದ ಹಕ್ಕುಗಳನ್ನು ಮರಿಯೆತ್ತಾ ಮತ್ತು ಫ್ರಾಂಚೆಸ್ಕೊಗೆ ಬರೆದಿದ್ದ. ಉಳಿದ ಆಸ್ತಿಯನ್ನು ಬಿಟ್ಟುಹೋದದ್ದು, ತನ್ನ ಪುಸ್ತಕವನ್ನು ಹೊಗೆಸೊಪ್ಪಿನಂಗಡಿಗೆ ಮಾರಿದ ಹುಟ್ಟೂರಿಗೆ. ಊರು ಆ ಋಣವನ್ನು ತಡವಾಗಿಯಾದರೂ ತೀರಿಸುತ್ತಿದೆ. 1997ರಿಂದ ಪ್ರತಿ ವರ್ಷ ಆತನ ಹೆಸರಿನ ಉತ್ಸವ ನಡೆಯುತ್ತದೆ. 2007ರಲ್ಲಿ ಹಳೆಯ ಮಠವೊಂದನ್ನು ದುರಸ್ತಿ ಮಾಡಿ 'ಕಾಸಾ ಆರ್ತೂಸಿ' ಎಂಬ ಕೇಂದ್ರವನ್ನು ತೆರೆದರು. ಅಲ್ಲಿ ಗ್ರಂಥಾಲಯವಿದೆ, ಊಟದಮನೆಯಿದೆ, ಅಡುಗೆ ಕಲಿಸುವ ಶಾಲೆಯಿದೆ. ಲಟ್ಟಣಿಗೆ ಹಿಡಿದು ಪಾಸ್ತಾದ ಹಾಳೆ ಲಟ್ಟಿಸುವುದನ್ನೂ, ನಮ್ಮ ರೊಟ್ಟಿಯಂತೆಯೇ ಕಾವಲಿಯ ಮೇಲೆ ಬೇಯಿಸುವ ಪಿಯಾದೀನಾವನ್ನೂ ಬಂದವರಿಗೆ ಕೈಹಿಡಿದು ಕಲಿಸುವ ಸ್ವಯಂಸೇವಕರು ತಮ್ಮ ಸಂಘಕ್ಕೆ ಮರಿಯೆತ್ತಾಳ ಹೆಸರನ್ನಿಟ್ಟುಕೊಂಡಿದ್ದಾರೆ.

ಇಟಲಿಗೆ ಹೊರಡುವ ಮಿತ್ರರಿಗೆ ನಮ್ಮದೊಂದು ಬಿನ್ನಹ. ಬೊಲೊನ್ಯದಲ್ಲಿ ರೈಲು ಬದಲಿಸಿ ರಿಮಿನಿಯ ಕಡೆಗೆ ತುಸು ದೂರ ಹೋದರೆ ಈ ಊರು ಸಿಗುತ್ತದೆ. ಅರ್ಧ ದಿನ ಅದಕ್ಕಾಗಿ ತೆಗೆದಿಡಿ. ಮತ್ತು ಯಾವ ಊರಿನಲ್ಲೇ ಆಗಲಿ, ಊಟಕ್ಕೆ ಕುಳಿತಾಗ ಪಟ್ಟಿಯಲ್ಲಿ ಪರಿಚಿತ ಹೆಸರನ್ನು ಹುಡುಕಬೇಡಿ. ಈ ಊರಿನದು ಯಾವುದು ಎಂದು ಕೇಳಿ. ಬಡಿಸುವವರ ಮುಖದಲ್ಲಿ ಆಗ ಮೂಡುವ ಸಂತೋಷವನ್ನು ನಾವೂ ಬಲ್ಲೆವು: ಪರಸ್ಥಳದಲ್ಲಿ ಯಾರಾದರೂ ನಮ್ಮನ್ನು ನಿಮ್ಮದು ಯಾವೂರು ಎಂದು ಕೇಳಿ, ಉತ್ತರಕ್ಕಾಗಿ ನಿಜವಾಗಿಯೂ ಕಾದು ನಿಂತಾಗ ಆಗುವ ಸಂತೋಷವೇ ಅದು.